ಕೊಕ್ಕಿನ ಉದ್ದ

“ಅಲ್ಲಾಡಬೇಡ,” ಎಂದ ಗೇಲೆನ್ ಹ್ರೂಸ್ಕಾ.

ಲವೋನ್ ಒಂಟಿಕಾಲಲ್ಲಿ ನಿಂತು, ಶವಸಂಸ್ಕಾರಕ್ಕೆಂದು ಹಾಕಿಕೊಂಡ ಕಪ್ಪು ಕಾಲುಚೀಲಕ್ಕೆ ಹತ್ತಿದ ಅಂಟುಮುಳ್ಳು ಕೀಳುತ್ತಿದ್ದಳು. ಕಾಲೆತ್ತಿಕೊಂಡೇ ನಿಂತಳು. ಗೇಲೆನ್ ಕರಿ ಸೂಟಿನಲ್ಲಿ, ದುರ್ಬೀನು ಕಣ್ಣಿಗೊತ್ತಿಕೊಂಡು, ಊರ ಪಾರ್ಕಿನ ಪಾಪ್ಲರ್ ಮರದ ತುದಿಯನ್ನೇ ನೋಡುತ್ತಿದ್ದ. ಅವನ ಹಿಂದೆ ಎಲ್ಡನ್, ಟೈ ದುರ್ಬೀನಿಗೆ ಸಿಕ್ಕಿಕೊಳ್ಳದಿರಲೆಂದು ಹೆಗಲ ಮೇಲೆ ಎಸೆದುಕೊಂಡು, ಬಾಯಿ ಕಳೆದು ನಿಂತಿದ್ದ.

“ಹೊನ್ನಕ್ಕಿ. ಗಂಡು,” ಎಂದ ಗೇಲೆನ್.

“ಆಯ್ತಾ? ಕಾಲು ಇಳಿಸ್ಲಾ?” ಎಂದಳು ಲವೋನ್.

“ಇಳಿಸು ಮಾರಾಯ್ತಿ. ಇವನು ನಿನ್ನನ್ನೂ ಕೊಕ್ಕರೆ ಅಂತ ಲೆಕ್ಕಕ್ಕೆ ಸೇರಿಸ್ಕೊಳೋ ಮುಂಚೆ ಇಳಿಸು,” ಎಂದ ಎಲ್ಡನ್.

ಮೇ ತಿಂಗಳ ಎರಡನೇ ಶನಿವಾರ ನೆಬ್ರಾಸ್ಕಾದ ಈ ಕಡೆ ಹಕ್ಕಿ ನೋಡುವವರ ವಸಂತದ ಎಣಿಕೆ. ಬೆಳಕು ಹರಿಯುವ ಮುಂಚೆ ಹೊರಟು ಪಾರ್ಕು, ಕೆರೆ, ಸ್ಮಶಾನ, ಹುಲ್ಲುಗಾವಲು ಎಲ್ಲ ಸುತ್ತಿ, ಸಂಜೆ ಒಂದೆಡೆ ಕೂತು ಕಂಡ ಹಕ್ಕಿಗಳ ಹೆಸರು ಕೂಗುತ್ತಾರೆ. ಆಲಿಕಲ್ಲು ಬಿದ್ದರೂ ಅದನ್ನು ಮುಂದೂಡಿದ್ದಿಲ್ಲ. ಈ ಸಲ ಅದೇ ದಿನ ಹತ್ತೂವರೆಗೆ ಆರ್ಡಿಸ್ ನೈಸ್ಟ್ರೋಮಳ ಮಣ್ಣು. ಆರ್ಡಿಸ್ ಈ ಗುಂಪಿನ ನಾಲ್ಕನೆಯವಳು. ಗೇಲೆನ್‌ಗೆ ಅದೇನೂ ತೊಡಕಾಗಿ ಕಾಣಲಿಲ್ಲ. ಬೆಳಿಗ್ಗೆ ಪಾರ್ಕು, ಆಮೇಲೆ ಇಗರ್ಜಿ, ಊಟ, ಮಧ್ಯಾಹ್ನ ಉಳಿದದ್ದು ಎಂದು ಫೋನಿನಲ್ಲೇ ತೀರ್ಮಾನಿಸಿಬಿಟ್ಟಿದ್ದ. “ಆರ್ಡಿಸ್‌ಗೂ ಹೀಗೇ ಇಷ್ಟ ಆಗ್ತಿತ್ತು” ಎಂದಿದ್ದ. ಸತ್ತವರಿಗೆ ಏನು ಇಷ್ಟವಾಗುತ್ತಿತ್ತು ಎಂಬುದು ಬದುಕಿರುವವರಿಗೆ ಯಾವಾಗಲೂ ಚೆನ್ನಾಗಿ ಗೊತ್ತಿರುತ್ತದೆ, ಅದರಲ್ಲೂ ಅದು ತಮಗೆ ಅನುಕೂಲವಾಗಿದ್ದರೆ.

ಗೇಲೆನ್ ಬಿತ್ತನೆ ಬೀಜ ಮಾರಿ ನಿವೃತ್ತನಾದವನು. ಅವನನ್ನು ಗುಂಪಿನ ಯಜಮಾನನೆಂದು ಯಾರೂ ಆರಿಸಿರಲಿಲ್ಲ. ಕಾರು ಅವನದು, ಗಂಟಲೂ ಅವನದೇ, ಹಾಗಾಗಿ ಆಗಿದ್ದ. ಎಲ್ಡನ್ ಅವನ ಬಾಲ್ಯದ ಗೆಳೆಯ, ಅವನ ಮಾತಿಗೆ ತಾಳ. ಲವೋನ್ ಮುಖ್ಯರಸ್ತೆಯಲ್ಲಿ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟವಳು. ಊರಿನ ಅರ್ಧ ತಲೆಗಳು ಅವಳ ಕೈಯಲ್ಲಿ ಬಗ್ಗಿದ್ದವು. ಆರ್ಡಿಸಳ ತಲೆಯೂ.

“ಬಯಲು ಪ್ಲವರ್ ಇನ್ನೂ ಸಿಕ್ಕಿಲ್ಲ,” ಎಂದ ಗೇಲೆನ್, ದುರ್ಬೀನು ಇಳಿಸುತ್ತಾ. “ಎಣಿಕೆ ಶುರುವಾದಾಗಿಂದ ಒಂದು ವರ್ಷಾನೂ ಅದು ತಪ್ಪಿಲ್ಲ. ಇವತ್ತೂ ತಪ್ಪಬಾರದು.”

ಬಯಲು ಪ್ಲವರ್ ಅಂಥ ಅಪರೂಪದ್ದೇನಲ್ಲ. ಹುಲ್ಲುಗಾವಲಿನ ಬೇಲಿಗೂಟದ ಮೇಲೆ ಇಳಿಯುತ್ತದೆ; ಇಳಿದ ಮೇಲೆ ಎರಡೂ ರೆಕ್ಕೆಗಳನ್ನು ನೆಟ್ಟಗೆ ಮೇಲಕ್ಕೆತ್ತಿ ಒಂದು ಗಳಿಗೆ ಹಿಡಿದು, ಆಮೇಲೆ ಮಡಿಸಿಕೊಳ್ಳುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿತ್ತು.

“ಹೋದ ವರ್ಷ ಅದನ್ನ ಕಂಡಿದ್ದು ಆರ್ಡಿಸ್ ಅಲ್ವೇನೋ?” ಎಂದ ಎಲ್ಡನ್.

“ಕಂಡಿದ್ದು ನಾನು. ಅವಳು ಹೂಂ ಅಂದಳು, ಅಷ್ಟೇ.”

ಲವೋನ್ ಕೊನೆಯ ಮುಳ್ಳು ಕಿತ್ತು ಎಸೆದಳು. ಹೋದ ವರ್ಷ ಗೇಲೆನ್ ಹೆಸರು ಕೂಗುವ ಎಷ್ಟೋ ಹೊತ್ತು ಮುಂಚೆಯೇ ಆರ್ಡಿಸಳ ದುರ್ಬೀನು ಅದು ಕೂತ ಗೂಟದ ಕಡೆ ತಿರುಗಿತ್ತು. ಪಕ್ಕದಲ್ಲೇ ಕೂತಿದ್ದ ಲವೋನ್ ನೋಡಿದ್ದಳು. ಆರ್ಡಿಸ್ ಸುಮ್ಮನೆ ಕಾದಿದ್ದಳು. ವರ್ಷಗಳಿಂದ ಅವಳು ಹಾಗೇ ಕಾಯುತ್ತಿದ್ದಳು, ಯಾಕೆಂದು ಯಾರೂ ಕೇಳಲಿಲ್ಲ.

ಹತ್ತೂವರೆಯ ಇಗರ್ಜಿಯಲ್ಲಿ ಪಾದ್ರಿ ಹೇಳಬೇಕಾದದ್ದನ್ನೆಲ್ಲ ಹೇಳಿದ. ಆರ್ಡಿಸ್ ಮೂವತ್ತು ವರ್ಷಕ್ಕೂ ಮೇಲೆ ಧಾನ್ಯದ ಗೋದಾಮಿನ ತೂಕದ ಕಿಟಕಿಯಲ್ಲಿ ಕೂತಿದ್ದವಳು. ಜೋಳ ತುಂಬಿದ ಲಾರಿ ಬಂದು ನಿಂತರೆ ಅವಳು ತೂಕ ಕೂಗುತ್ತಿದ್ದಳು. ಒಬ್ಬ ರೈತನೂ ಇಳಿದುಬಂದು ತಕ್ಕಡಿಯ ಮುಳ್ಳು ನೋಡಿದ್ದಿಲ್ಲ ಎಂದ. ಸಾಲು ಸಾಲಿನಲ್ಲಿ ಕೂತಿದ್ದ ರೈತರು ಹೌದೆಂದು ತಲೆಯಾಡಿಸಿದರು. ಗೇಲೆನ್ ಕೂಡ ಆಡಿಸಿದ. ಅವಳ ತೂಕವನ್ನು ಅವನೂ ಒಮ್ಮೆಯೂ ಅನುಮಾನಿಸಿದವನಲ್ಲ.

ಸ್ಮಶಾನ ಊರಾಚೆಯ ದಿಬ್ಬದ ಮೇಲಿದೆ. ಸುತ್ತ ಸೀಡರ್ ಮರಗಳ ಸಾಲು, ಅದರಾಚೆ ಕಣ್ಣು ಹಾಯುವಷ್ಟು ಹುಲ್ಲು. ಬದುಕಿದ್ದಾಗ ಯಾವುದರ ಮೇಲೆ ಜೀವವಿತ್ತೋ ಅದನ್ನು ಗೋರಿಕಲ್ಲಿನ ಮೇಲೆ ಕೆತ್ತಿಸುವುದು ಇಲ್ಲಿನವರ ರೂಢಿ. ಟ್ರ್ಯಾಕ್ಟರು, ಜಿಂಕೆ, ಹೊಲಿಗೆ ಯಂತ್ರ, ಒಬ್ಬನ ಕಲ್ಲಿನ ಮೇಲಂತೂ ಅವನ ನಾಯಿ. ನೈಸ್ಟ್ರೋಮರ ಜೋಡಿ ಕಲ್ಲಿನಲ್ಲಿ ಗಂಡ ವರ್ಲಿನ್‌ನ ಪಾಲಿಗೆ ಜೋಳ ಕೊಯ್ಯುವ ಯಂತ್ರ ಮೊದಲೇ ಇತ್ತು. ಆರ್ಡಿಸಳ ಪಾಲು ಇಷ್ಟು ದಿನ ಬರಿದಾಗಿತ್ತು. ಈಗ ಅಲ್ಲೊಂದು ಹಕ್ಕಿ ಬಂದಿತ್ತು. ಉದ್ದ ಕಾಲು, ಕೆಳಕ್ಕೆ ಬಾಗಿದ ಕೊಕ್ಕು.

ಪಾದ್ರಿಯ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಇನ್ನೂ ಕೆಳಗಿಳಿದಿರಲಿಲ್ಲ. ಅದನ್ನು ಹೊತ್ತು ತಂದವರಲ್ಲಿ ಒಬ್ಬನಾದ ಗೇಲೆನ್ ಕೈಗವಸು ಬಿಚ್ಚಿ, ಓದುವ ಕನ್ನಡಕ ಹಾಕಿಕೊಂಡು ಕಲ್ಲಿನ ಹತ್ತಿರ ಬಗ್ಗಿದ.

“ವಿಂಬ್ರೆಲ್,” ಎಂದ.

ಜೋರಾಗಿ ಹೇಳಲಿಲ್ಲ. ಆದರೆ ಗಾಳಿ ಈ ಕಡೆಗಿತ್ತು, ಎಲ್ಲರಿಗೂ ಕೇಳಿಸಿತು.

ಎಲ್ಡನ್ ಕೂಡ ಬಗ್ಗಿದ. “ಹೌದು ಕಣೋ. ಕೊಕ್ಕು ನೋಡು.”

“ತಲೆಯ ಎರಡರಷ್ಟು ಉದ್ದ ಇದೆ. ಇದು ಸಣ್ಣ ಕರ್ಲ್ಯೂ ಆಗೋಕೆ ಸಾಧ್ಯಾನೇ ಇಲ್ಲ.”

ಬೇರೆ ಯಾವ ಊರಿನ ಗೆಳೆಯರೂ ಶವ ಕಣ್ಣೆದುರಿಗಿಟ್ಟುಕೊಂಡು ಕಲ್ಲುಹಕ್ಕಿಯ ಜಾತಿ ಗುರುತಿಸುತ್ತಾ ನಿಂತಿರಲಾರರು. ಆರ್ಡಿಸಳ ಮಗಳು ಟ್ರೂಡಿ ಕಣ್ಣೊರೆಸಿಕೊಂಡು ಹತ್ತಿರ ಬಂದಳು. “ಏನಾದ್ರೂ ತಪ್ಪಾಗಿದ್ಯಾ ಗೇಲೆನ್ ಅಂಕಲ್?”

“ತಪ್ಪೇನಿಲ್ಲಮ್ಮ. ಬಹಳ ಚೆನ್ನಾಗಿರೋ ವಿಂಬ್ರೆಲ್. ನಾನು ಅವತ್ತೇ ಹೇಳಿದ್ದೆ ನಿಮ್ಮಮ್ಮನಿಗೆ.”

ಲವೋನ್ ದೂರದಿಂದಲೇ ಕಲ್ಲು ನೋಡಿದಳು. ಕೊಕ್ಕು ತಪ್ಪಾಗಿತ್ತು. ಪಕ್ಕದಲ್ಲಿದ್ದ ಕಲ್ಲನ್ನು ಹಿಡಿದುಕೊಂಡಳು.

*

ಆ ಹಕ್ಕಿಯ ಕತೆ ನಡೆದು ಇಪ್ಪತ್ತು ವರ್ಷದ ಮೇಲಾಯಿತು. ಏಪ್ರಿಲ್ ಕೊನೆ, ಮೇ ತಿಂಗಳ ಎಣಿಕೆಗೆ ಮುಂಚಿನ ಒಂದು ಸುತ್ತಾಟ. ಗಂಡಸರಿಬ್ಬರೂ ಕೆರೆಯ ಕಡೆ ಹೋಗಿದ್ದರು, ಹೆಂಗಸರು ಆರ್ಡಿಸಳ ಹಳೇ ಕಾರಿನಲ್ಲಿ ಹುಲ್ಲುಗಾವಲಿಗೆ ಬಂದಿದ್ದರು. ಹೊಸ ಹುಲ್ಲು ಚಿಗುರಲೆಂದು ದನದವರು ಸುಟ್ಟ ಬಯಲು. ಕರೀ ನೆಲದ ತುಂಬ ಬೆರಳುದ್ದದ ಹಸಿರು. ಗಾಳಿ, ಬಿಸಿಲು. ಲವೋನ್ ಬೆಳಗಿನಿಂದ ಕುಡಿದ ಕಾಫಿಯೆಲ್ಲ ಒಟ್ಟಿಗೆ ಲೆಕ್ಕ ಕೇಳಿತು.

“ನಿಲ್ಸೇ, ಅಲ್ಲೊಂದು ಸೀಡರ್ ಇದೆ,” ಎಂದಳು.

“ಐದು ಮೈಲಿಗೆ ಇರೋದು ಅದೊಂದೇ ಮರ. ಪುಣ್ಯವಂತೆ ಕಣೇ ನೀನು,” ಎಂದು ಆರ್ಡಿಸ್ ನಿಲ್ಲಿಸಿದಳು.

ಲವೋನ್ ಮರದ ಹಿಂದಿನಿಂದ ಲಂಗ ಸರಿಪಡಿಸಿಕೊಳ್ಳುತ್ತಾ ಬರುವಾಗ ಆರ್ಡಿಸ್ ಮೂರುಕಾಲಿನ ದೂರದರ್ಶಕ ನೆಟ್ಟು ಕೂತಿದ್ದಳು. ಹಿಂದಿರುಗಿ ನೋಡದೆ ಕೈ ಮಾತ್ರ ಬೀಸಿ ಕರೆದಳು. “ಬಾಗಿಲು ಬಡೀಬೇಡ. ಉಸಿರು ಬಿಡಬೇಡ. ಬಂದು ಇದರಲ್ಲಿ ಕಣ್ಣಿಡು.”

ಲವೋನ್ ಕಣ್ಣಿಟ್ಟಳು. ಕರೀ ಮೋಟು ಹುಲ್ಲಿನ ನಡುವೆ ಬಂಗಾರದ ಚುಕ್ಕಿಯ ಪ್ಲವರ್‌ಗಳ ಗುಂಪು. ಅವುಗಳ ಜೊತೆ, ಅವಕ್ಕಿಂತ ತುಸುವೇ ದೊಡ್ಡದಾದ ಒಂದು ಕಂದು ಹಕ್ಕಿ. ನಾಲ್ಕು ಹೆಜ್ಜೆ ಓಡಿ, ನಿಂತು, ಹುಳು ಹೆಕ್ಕುತ್ತಿತ್ತು. ಕೊಕ್ಕು ಸಣ್ಣದು, ತೆಳ್ಳಗೆ, ತುದಿಯಲ್ಲಿ ಸ್ವಲ್ಪವೇ ಬಾಗಿತ್ತು. ಅದು ಒಮ್ಮೆ ಮೈಮುರಿದು ರೆಕ್ಕೆ ಎತ್ತಿತು. ರೆಕ್ಕೆಯ ಒಳಗೆಲ್ಲ ದಾಲ್ಚಿನ್ನಿಯ ಬಣ್ಣ.

“ಏನು ಕಾಣ್ತು, ಹೇಳು,” ಎಂದಳು ಆರ್ಡಿಸ್.

“ನೀನೇ ಹೇಳೇ. ನನಗೆ ಬಾಯಿ ಬರ್ತಿಲ್ಲ.”

“ಹೇಳಿದ್ರೆ ಹಾರಿಹೋಗುತ್ತೆ.”

ಅದು ಸಣ್ಣ ಕರ್ಲ್ಯೂ. ಇವರ ಅಜ್ಜಂದಿರ ಕಾಲದಲ್ಲಿ ಪ್ರತಿ ವಸಂತ ಈ ಬಯಲಿನ ಮೇಲೆ ಮೋಡಗಟ್ಟಿ ಇಳಿಯುತ್ತಿದ್ದ ಹಕ್ಕಿ. ಗಾಡಿಗಟ್ಟಲೆ ಹೊಡೆದರು, ತಿಂದರು. ತಿಂದು ಮಿಕ್ಕದ್ದನ್ನು ಹೊಲದಲ್ಲೇ ಸುರಿದು ಮತ್ತೆ ಗಾಡಿ ತುಂಬಿದರು. ಆಮೇಲೆ ಅದು ಬರಲಿಲ್ಲ. ಇವರಿಬ್ಬರು ಹುಟ್ಟಿದ ಮೇಲೆ ಈ ಬಯಲಿನಲ್ಲಿ ಅದನ್ನು ಕಂಡವರಿಲ್ಲ. ಲೋಕದಲ್ಲೇ ಇಲ್ಲ ಎಂದು ತಿಳಿದವರು ಹೇಳುತ್ತಿದ್ದರು. ಪ್ಲವರ್‌ಗಳು ಎದ್ದಾಗ ಅದೂ ಎದ್ದು ಉತ್ತರಕ್ಕೆ ಹೋಯಿತು. ಆರ್ಡಿಸ್ ಅತ್ತಳು. ಲವೋನ್‌ಗೂ ಕಣ್ಣು ತುಂಬಿತ್ತು. ಇಬ್ಬರೂ ಆರಿದ ಕಾಫಿಯನ್ನು ಒಂದೇ ಲೋಟದಲ್ಲಿ ಹಂಚಿಕೊಂಡು ಕುಡಿದರು, ವಾಪಸು ಬರುವಾಗ ದಾರಿಯುದ್ದಕ್ಕೂ ಹುಚ್ಚರಂತೆ ನಗುತ್ತಾ ಬಂದರು.

ಸಂಜೆ ಊಟದ ಹೋಟೆಲಿನಲ್ಲಿ, ಮಾಂಸ, ಬೀನ್ಸು ಹಾಕಿದ ಖಾರದ ಸಾರಿನ ಬಟ್ಟಲಿಗೆ ದಾಲ್ಚಿನ್ನಿ ಬನ್ನು ಅದ್ದಿಕೊಂಡು ತಿನ್ನುತ್ತಾ, ಗೇಲೆನ್ ಒಂದೊಂದೇ ಹೆಸರು ಕೂಗಿದ. ಅವತ್ತು ಪಕ್ಕದ ಊರುಗಳವರೂ ಬಂದು ಮೇಜು ತುಂಬಿತ್ತು. ಕಂಡವರು “ನೋಡಿದೆ” ಎನ್ನಬೇಕು. ಸಾಮಾನ್ಯ ಹಕ್ಕಿಗೆ ಒಬ್ಬರೆಂದರೆ ಸಾಕು. ಅಪರೂಪದ್ದಕ್ಕೆ ಎರಡು ಜೊತೆ ಕಣ್ಣು ಬೇಕು. ಅದು ಇವರ ಕಟ್ಟಳೆ. ಎಲ್ಲ ಮುಗಿದ ಮೇಲೆ ಆರ್ಡಿಸ್ ಕೈ ಒರೆಸಿಕೊಂಡು ಎದ್ದು ನಿಂತು ಹೇಳಿದಳು.

ಗೇಲೆನ್ ಚಮಚ ಕೆಳಗಿಟ್ಟ. “ಅದು ಸತ್ತುಹೋದ ಹಕ್ಕಿ ಆರ್ಡಿಸ್. ನನ್ನ ಅಜ್ಜನೇ ಅದನ್ನ ಗಾಡಿ ತುಂಬ ಹೊಡೀತಿದ್ದ. ನೀನು ನೋಡಿದ್ದು ವಿಂಬ್ರೆಲ್, ಅದರ ಹಾಗೇ ಕಾಣೋ ಮಾಮೂಲಿ ಹಕ್ಕಿ.”

“ವಿಂಬ್ರೆಲ್ ನನಗೆ ಗೊತ್ತು. ಇದರ ಕೊಕ್ಕು ಗಿಡ್ಡ.”

“ಹಿಂದುಗಡೆ ಡೈನೋಸಾರ್ ಏನಾದ್ರೂ ಮೇಯ್ತಿತ್ತಾ?” ಎಂದ ಎಲ್ಡನ್. ಮೇಜೆಲ್ಲ ನಕ್ಕಿತು.

ಗೇಲೆನ್ ನಗಲಿಲ್ಲ. ಇಂಥ ವಿಷಯದಲ್ಲಿ ಅವನು ನಗುವವನಲ್ಲ. “ಲವೋನ್, ನೀನು ಜೊತೆಗಿದ್ಯಲ್ಲ. ನೋಡಿದ್ಯಾ?”

ಹಿಂದಿನ ವರ್ಷ ಪಕ್ಕದೂರಿನ ಒಬ್ಬ ಇಲ್ಲದ ಗೂಬೆ ಕಂಡೆನೆಂದು ಹೇಳಿ ಸಿಕ್ಕಿಬಿದ್ದಿದ್ದ. ಅವನು ಬಂದಾಗಲೆಲ್ಲ ಎಲ್ಲರೂ ಗೂಬೆಯ ಹಾಗೆ ಕೂಗಿ ಕೂಗಿ ಅವನು ಬರುವುದನ್ನೇ ನಿಲ್ಲಿಸುವಂತೆ ಮಾಡಿದ್ದರು. ಲವೋನ್ ಕೂಡ ಕೂಗಿದ್ದಳು. ಈಗ ಮೇಜಿನ ಸುತ್ತ ಕೂತ ಮುಖಗಳನ್ನೆಲ್ಲ ಅವಳು ಒಂದು ಸಲ ನೋಡಿದಳು.

“ನಾನು ಮರದ ಹಿಂದೆ ಇದ್ದೆ,” ಎಂದಳು. “ಬರೋ ಹೊತ್ತಿಗೆ ಹಾರ್ತಿತ್ತು. ಬೆನ್ನು ಕಾಣ್ತು, ಅಷ್ಟೇ.”

“ಲೋಕದ ಕೊನೇ ಹಕ್ಕಿ ಬಂದಾಗ ಇವಳು ಮರದ ಹಿಂದೆ ಕೂತಿದ್ಲಂತೆ,” ಎಂದ ಎಲ್ಡನ್. ಈ ಸಲ ಲವೋನ್ ಕೂಡ ನಕ್ಕಳು. ಆರ್ಡಿಸ್ ಅವಳ ಕಡೆ ನೋಡಲಿಲ್ಲ. ಮೆಲ್ಲಗೆ ಕೂತು, ಬನ್ನು ಮುರಿದು, ಅದ್ದಿ, ತಿಂದಳು.

ಅದರ ಬಗ್ಗೆ ಅವಳು ಮುಂದೆ ಒಂದು ಮಾತನ್ನೂ ಕೇಳಲಿಲ್ಲ, ಕಾರಿನಲ್ಲಾಗಲೀ, ಶುಕ್ರವಾರ ಶುಕ್ರವಾರ ಲವೋನಳ ಕುರ್ಚಿಯಲ್ಲಿ ತಲೆ ಒಡ್ಡಿ ಕೂತಾಗಲಾಗಲೀ. ಗುಂಪನ್ನೂ ಬಿಡಲಿಲ್ಲ, ಈ ಬಯಲಿನಲ್ಲಿ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಆದರೆ ಆಮೇಲೆ ಯಾವ ಹಕ್ಕಿಯ ಹೆಸರನ್ನೂ ಅವಳು ಮೊದಲು ಹೇಳಲಿಲ್ಲ. ಬೇರೆಯವರು ಕಾಣುವವರೆಗೆ ಕಾದು, ಅವರು ಹೇಳಿದ ಮೇಲೆ ಹೂಂ ಎನ್ನುತ್ತಿದ್ದಳು. ಲಾರಿಯ ತೂಕವನ್ನು ಮಾತ್ರ ಮೊದಲಿನಂತೆಯೇ ಜೋರಾಗಿ ಕೂಗುತ್ತಿದ್ದಳು.

*

ಇಗರ್ಜಿಯ ನೆಲಮಾಳಿಗೆಯಲ್ಲಿ ಊಟ. ಹಂದಿ ಮಾಂಸದ ಸ್ಯಾಂಡ್‌ವಿಚ್ಚು, ಚೀಸು ಸುರಿದು ಬೇಯಿಸಿದ ಆಲೂಗಡ್ಡೆ, ಗಡಗಡ ನಡುಗುವ ಹಸಿರು ಜೆಲ್ಲಿ, ನೀರಿನಂಥ ಕಾಫಿ. ಇಲ್ಲಿ ಯಾರು ಸತ್ತರೂ ಇದೇ ಊಟ, ಆದ್ದರಿಂದ ಯಾರೂ ರುಚಿ ನೋಡುವುದಿಲ್ಲ. ಕಲ್ಲು ಕೆತ್ತುವ ನಾರ್ಬರ್ಟ್ ತಟ್ಟೆ ಹಿಡಿದು ಗೇಲೆನ್ ಪಕ್ಕ ಬಂದು ಕೂತ. ಹೊಗಳಿಕೆಗೆ ಕಾಯುತ್ತಿದ್ದ ಎಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು.

“ಹಕ್ಕಿ ಹೇಗ್ ಬಂದಿದೆ?”

“ಒಳ್ಳೇ ವಿಂಬ್ರೆಲ್,” ಎಂದ ಗೇಲೆನ್.

“ಅದೇನೋ ನನಗ್ ಗೊತ್ತಿಲ್ಲಪ್ಪ. ಆಯಮ್ಮ ಕೊಟ್ಟ ಚಿತ್ರದಲ್ಲಿ ಕೊಕ್ಕು ಇಷ್ಟೇ ಇಷ್ಟಿತ್ತು. ಹಾಗೇ ಕೆತ್ತಿದ್ರೆ ಕಲ್ಲು ಚಕ್ಕೆ ಎದ್ದು ಮುರಿದ್ಹೋದ ಹಾಗೆ ಕಾಣುತ್ತೆ. ಜನ ನನ್ನನ್ನ ಬೈತಾರೆ. ಅದಕ್ಕೇ ಒಂದಿಷ್ಟು ಉದ್ದ ಎಳೆದೆ. ಈಗ ಲಕ್ಷಣವಾಗಿದೆ, ಅಲ್ವಾ?”

“ಬಹಳ ಲಕ್ಷಣವಾಗಿದೆ,” ಎಂದ ಎಲ್ಡನ್. “ಇಪ್ಪತ್ತು ವರ್ಷದ ಜಗಳಾನ ಉಳೀಲಿ ತೀರಿಸಿಬಿಟ್ಟೆ.”

ಎದುರಿಗೆ ಕೂತಿದ್ದ ಲವೋನ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಟ್ಟೆಯಲ್ಲಿಟ್ಟಳು. ಟ್ರೂಡಿ ಕಾಫಿ ಬಗ್ಗಿಸುತ್ತಾ ಬಂದು ಅವಳ ಕಿವಿಯ ಹತ್ತಿರ ಬಗ್ಗಿದಳು. “ಆಂಟಿ, ಒಂದು ಕೇಳ್ತೀನಿ. ಅಮ್ಮ ಆ ಹಕ್ಕೀನ ನಿಜವಾಗ್ಲೂ ನೋಡಿದ್ರಾ? ಅಪ್ಪ ನಗ್ತಿದ್ರು. ನಾನೂ ನಕ್ಕಿದೀನಿ, ಅದೇ ಈಗ ಕೊರೀತಿದೆ. ಅವತ್ತು ಜೊತೆಗಿದ್ದಿದ್ದು ನೀವೊಬ್ರೇ ಅಲ್ವಾ?”

“ಊಟ ಆಗ್ಲಿ ಮಗು. ಹೇಳ್ತೀನಿ,” ಎಂದಳು ಲವೋನ್.

*

ಮಾರ್ಚ್ ತಿಂಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ, ದಿಂಬಿನ ಕೆಳಗೆ ಪ್ಲಾಸ್ಟಿಕ್ ಹಾಸಿ, ಲವೋನ್ ಆರ್ಡಿಸಳ ತಲೆ ತೊಳೆದಿದ್ದಳು. ಹೊಸ ವರ್ಷಕ್ಕೆ ಹೊಟ್ಟೆನೋವೆಂದು ಹೋದವಳು ಅಷ್ಟರಲ್ಲಿ ಹಿಡಿಯಷ್ಟಾಗಿದ್ದಳು. ಕೂದಲು ಮಾತ್ರ ಇನ್ನೂ ದಟ್ಟವಾಗಿತ್ತು. ಕಿಟಕಿಯಾಚೆ ಕ್ರೌಂಚಗಳು ಸಾಲುಗಟ್ಟಿ ಹೋಗುತ್ತಾ ಕೂಗುತ್ತಿದ್ದವು.

“ನಾರ್ಬರ್ಟ್‌ಗೆ ಹೇಳಿದೀನಿ ಕಣೇ,” ಎಂದಳು ಆರ್ಡಿಸ್ ಕಣ್ಣು ಮುಚ್ಚಿಕೊಂಡೇ. “ಕಲ್ಲಿಗೆ ಅದನ್ನೇ ಹಾಕೋಕೆ.”

ಲವೋನಳ ಬೆರಳುಗಳು ನೊರೆಯಲ್ಲಿ ನಿಂತವು.

“ನಾನು ನೋಡೋ ಹಾಗಿಲ್ಲ. ಅವನು ಕೆತ್ತೋ ಮುಂಚೆ ನೀನೊಂದ್ಸಲ ಹೋಗಿ ನೋಡ್ಬಾ. ಕೊಕ್ಕು ಸರಿಯಾಗಿದ್ಯಾ ಅಂತ.” ಕಣ್ಣು ತೆರೆದು ಅಂದಳು: “ನಿನಗೆ ಗೊತ್ತಲ್ಲ.”

ಇಷ್ಟು ವರ್ಷದಲ್ಲಿ ಅದರ ಬಗ್ಗೆ ಅವಳು ಆಡಿದ್ದು ಅದೊಂದೇ ಮಾತು. ಬೈದಿದ್ದರೆ ಲವೋನ್ ತಡೆದುಕೊಳ್ಳುತ್ತಿದ್ದಳೇನೋ. “ಹೋಗ್ತೀನಿ,” ಎಂದಳು. “ಖಂಡಿತ ನೋಡ್ತೀನಿ. ಈಗ ತಲೆ ಆ ಕಡೆ ತಿರುಗ್ಸು.”

ಹೋಗಲಿಲ್ಲ. ನಾರ್ಬರ್ಟನ ಅಂಗಡಿ ಅವಳ ಅಂಗಡಿಯಿಂದ ಕೂಗಳತೆಯಲ್ಲಿದೆ. ದಿನವೂ ಮುಂದೆ ಹಾದುಹೋದಳು. ಒಳಗೆ ಹೋಗಿ ಕೊಕ್ಕು ಗಿಡ್ಡ ಮಾಡು ಎಂದರೆ, ನಿನಗೆ ಹೇಗೆ ಗೊತ್ತು ಎಂದು ಅವನು ಕೇಳುತ್ತಾನೆ. ನಾರ್ಬರ್ಟ್‌ಗೆ ಗೊತ್ತಾದದ್ದು ಸಂಜೆಯೊಳಗೆ ಗೇಲೆನ್‌ಗೆ ಗೊತ್ತಾಗುತ್ತದೆ. ನಾಳೆ ಹೋದರಾಯಿತು ಎಂದುಕೊಂಡೇ ಏಪ್ರಿಲ್ ಮುಗಿಯಿತು. ನಿನ್ನೆ ಶವಾಗಾರದಲ್ಲಿ ಆರ್ಡಿಸಳ ಕೂದಲು ಬಾಚಿ, ಸುರುಳಿ ಸುತ್ತಿ, ಅವಳಿಗಿಷ್ಟವಾದ ಹಾಗೆ ಕಿವಿ ಮುಚ್ಚಿ ಕೂರಿಸಿದವಳೂ ಲವೋನಳೇ. ಅಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ.

*

ಊಟದ ಕೊನೆಗೆ ಗೇಲೆನ್ ಬಟ್ಟಲಿಗೆ ಚಮಚ ತಟ್ಟಿದ. ಗುಂಪಿನವರು ಯಾರಾದರೂ ಹೋದರೆ, ಉಳಿದವರು ಒಬ್ಬೊಬ್ಬರೇ ಎದ್ದು, ಅವರ ಜೊತೆ ಕಂಡ ಒಂದು ಹಕ್ಕಿಯ ಹೆಸರು ಹೇಳಿ ಕೂರುತ್ತಾರೆ. ಭಾಷಣವಿಲ್ಲ. ಹೆಸರು, ಅಷ್ಟೇ.

“ಹುಲ್ಲುಕೋಳಿ,” ಎಂದ ಗೇಲೆನ್. “ಹಿಮ ಬೀಳ್ತಿತ್ತು, ಆದ್ರೂ ಕುಣೀತಿದ್ವು.” ಅವನ ದನಿ ಸ್ವಲ್ಪ ಒಡೆಯಿತು. ಅದು ನಾಟಕವಲ್ಲ, ಅವನು ಆರ್ಡಿಸಳನ್ನು ತನ್ನ ರೀತಿಯಲ್ಲಿ ಮೆಚ್ಚಿಕೊಂಡಿದ್ದ.

“ಟರ್ಕಿ ಕೋಳಿ. ವರ್ಲಿನ್‌ನ ಹೊಸಾ ಕಾರಿಗೆ ಗುದ್ದಿತ್ತು,” ಎಂದ ಎಲ್ಡನ್. ಜನ ನಕ್ಕರು. ಅದೇ ಬಿಸಿಯಲ್ಲಿ ಅವನು ಸೇರಿಸಿದ: “ಇನ್ನು ಲವೋನ್ ಸರದಿ. ಮರದ ಹಿಂದಿನಿಂದ ಬರ್ಲಿ, ಸ್ವಲ್ಪ ಕಾಯಿರಿ.”

ಆ ಹಾಸ್ಯ ಊರಿಗೆಲ್ಲ ಗೊತ್ತಿತ್ತು. ಮತ್ತೆ ನಕ್ಕರು. ಲವೋನ್ ಎದ್ದಳು. ಗೋಡೆಯ ಬಳಿ ಕಾಫಿ ಪಾತ್ರೆ ಹಿಡಿದು ನಿಂತಿದ್ದ ಟ್ರೂಡಿ ಮಾತ್ರ ನಗುತ್ತಿರಲಿಲ್ಲ. ಹೆಸರು ಲವೋನಳ ನಾಲಿಗೆಯ ತುದಿಯಲ್ಲಿತ್ತು, ಒಂದು ಉಸಿರು ಬಿಟ್ಟರೆ ಸಾಕಿತ್ತು. ಅವಳು ಟ್ರೂಡಿಯನ್ನು ನೋಡಿದಳು, ಗೇಲೆನ್‌ನ ಎತ್ತಿದ ಹುಬ್ಬು ನೋಡಿದಳು, ಶುಕ್ರವಾರ ತನ್ನ ಕುರ್ಚಿಯಲ್ಲಿ ಕೂರಲಿರುವ ತಲೆಗಳನ್ನೆಲ್ಲ ನೋಡಿದಳು.

“ಕ್ರೌಂಚ,” ಎಂದಳು.

ನೆಬ್ರಾಸ್ಕಾದಲ್ಲಿ ಮಾರ್ಚ್ ತಿಂಗಳಲ್ಲಿ ಕ್ರೌಂಚ ನೋಡದಿರಬೇಕಾದರೆ ಕಣ್ಣು ಕಟ್ಟಿಕೊಂಡಿರಬೇಕು. ಒಬ್ಬಿಬ್ಬರು ಸಭ್ಯತೆಗೆ ತಲೆಯಾಡಿಸಿದರು. ಟ್ರೂಡಿ ಕಾಫಿ ಪಾತ್ರೆ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಲವೋನ್ ಹೊರಡುವಾಗ ಬಾಗಿಲಲ್ಲಿ ಸಿಕ್ಕಾಗ, “ಬಂದಿದ್ದಕ್ಕೆ ಥ್ಯಾಂಕ್ಸ್ ಆಂಟಿ,” ಎಂದಳು. ಮತ್ತೇನೂ ಕೇಳಲಿಲ್ಲ.

ಹೊರಗೆ ಗೇಲೆನ್ ಕಾರಿನ ಬಾಗಿಲ ಹತ್ತಿರ ನಿಂತು ಕೆಲಸ ಹಂಚಿದ. ಕೆರೆ ಅವನಿಗೂ ಎಲ್ಡನ್‌ಗೂ. “ಲವೋನ್, ನಿನ್ನನ್ನ ಸ್ಮಶಾನದ ಹತ್ರ ಇಳಿಸ್ತೀವಿ. ಪ್ರತಿ ವರ್ಷ ನೀನೂ ಆರ್ಡಿಸೂ ತಾನೇ ಅಲ್ಲಿ ನೋಡೋದು. ಸೀಡರಲ್ಲಿ ಗೂಬೆ ಇರ್ಬೋದು, ನೋಡು. ಕೆರೆ ಮುಗಿಸಿ ಕರ್ಕೊಂಡ್ ಹೋಗ್ತೀವಿ. ಆಮೇಲೆ ಹುಲ್ಲುಗಾವಲು, ಬಯಲು ಪ್ಲವರ್.”

ಗುಂಡಿ ಮುಚ್ಚಿಯಾಗಿತ್ತು. ರಾತ್ರಿಯ ಮಳೆಗೆ ನೆನೆದ ಕರೀ ಮಣ್ಣು ಬದಿಯಲ್ಲಿ ಇನ್ನೂ ಒಂದಿಷ್ಟು ಉಳಿದಿತ್ತು. ಹೂಗಳು ಆಗಲೇ ಗಾಳಿಗೆ ವಾಲಿದ್ದವು. ಲವೋನ್ ಸೀಡರ್ ಮರಗಳ ಕಡೆ ಹೋಗಲಿಲ್ಲ. ಕಲ್ಲಿನ ಮುಂದೆ ಮಂಡಿಯೂರಿದಳು. ಒಂದು ಕಾಲುಚೀಲ ಚರ್ರೆಂದು ಹರಿಯಿತು. ಆರ್ಡಿಸ್ ಮೇಲಿನ ಮಣ್ಣನ್ನೇ ಚಿಟಿಕೆ ತೆಗೆದು, ಎಂಜಲು ಹಾಕಿ ನಾದಿ, ಕೆತ್ತಿದ ಕೊಕ್ಕಿನ ತುದಿಯ ಗೀರಿಗೆ ಹೆಬ್ಬೆರಳಿನಿಂದ ಒತ್ತಿದಳು. ಕಲ್ಲೂ ಕಪ್ಪು, ಮಣ್ಣೂ ಕಪ್ಪು. ಹೆಚ್ಚಾದದ್ದನ್ನು ಉಗುರಿನಿಂದ ಕೆರೆದು ಸಮ ಮಾಡಿದಳು. ಹುಬ್ಬಿನ ಹತ್ತಿರ ಒಂದು ಕೂದಲೂ ಎದ್ದು ಕಾಣದಂತೆ ಕೆಲಸ ಮಾಡಿದ ಕೈಗಳು ಅವು.

ಆಮೇಲೆ ಎದ್ದು, ರಸ್ತೆಯವರೆಗೆ ಹಿಂದೆ ಹೋಗಿ, ದುರ್ಬೀನು ಕಣ್ಣಿಗಿಟ್ಟಳು. ಗಿಡ್ಡ ಕೊಕ್ಕು, ತುದಿಯಲ್ಲಿ ಸ್ವಲ್ಪವೇ ಬಾಗಿದೆ. ಅದೇ ಹಕ್ಕಿ. ಅವಳು ಅಲ್ಲೇ ನಿಂತು ಅತ್ತಳು, ಬೆಳಗಿನಿಂದ ಮೊದಲ ಸಲ.

ಗೇಲೆನ್‌ನ ಕಾರು ಹಿಂದೆ ಬಂದು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಎಲ್ಡನ್ ಗೊರಕೆ ಹೊಡೆಯುತ್ತಿದ್ದ. ಗೇಲೆನ್ ಇಳಿದು, ಅವಳ ದುರ್ಬೀನು ಯಾವ ಕಡೆಗಿದೆಯೋ ಆ ಕಡೆ ತಾನೂ ದುರ್ಬೀನು ಹಿಡಿದ. ಅದು ಅಭ್ಯಾಸ. ತುಸು ಹೊತ್ತು ನೋಡಿ, ಕಲ್ಲಿನವರೆಗೆ ನಡೆದುಹೋದ. ಲವೋನ್ ಹಿಂದೆಯೇ ಹೋದಳು.

“ಏನಿದು ಮೆತ್ತಿರೋದು?”

“ಕೊಕ್ಕು ಅಷ್ಟುದ್ದ ಇರ್ಲಿಲ್ಲ ಗೇಲೆನ್.”

“ನಿನಗೇನ್ ಗೊತ್ತು? ನೀನು ನೋಡಿದ್ದು ಬೆನ್ನು.”

“ಬೆನ್ನಲ್ಲ. ಎಲ್ಲಾ ನೋಡಿದೆ. ಕೊಕ್ಕು ನೋಡಿದೆ, ರೆಕ್ಕೆ ಒಳಗಿನ ಬಣ್ಣ ನೋಡಿದೆ. ಅವಳು ಎಷ್ಟು ನೋಡಿದ್ಲೋ ನಾನೂ ಅಷ್ಟೇ ನೋಡಿದೆ.”

ಗೇಲೆನ್ ಕನ್ನಡಕ ತೆಗೆದ. ಒಮ್ಮೆಲೇ ಅವನು ಬಹಳ ಮುದುಕನಾಗಿ ಕಂಡ. “ಅವತ್ತು ನಾನು ಕೇಳಿದೆ,” ಎಂದ. “ಎಲ್ಲರೆದುರಿಗೆ ನಿನ್ನನ್ನೇ ಕೇಳಿದೆ. ಹೂಂ ಅಂದಿದ್ರೆ ಒಪ್ಕೊಂಡಿರ್ತಿದ್ದೆ. ಎರಡು ಜೊತೆ ಕಣ್ಣು. ಅದಕ್ಕಿಂತ ಹೆಚ್ಚೇನೂ ನಾನು ಕೇಳ್ಲಿಲ್ಲ.”

“ಈಗ ಹೇಳ್ತಿದೀನಲ್ಲ.”

“ಈಗ?” ಅವನು ಹಸಿಮಣ್ಣಿನ ದಿಬ್ಬ ನೋಡಿದ. “ಈಗಲೂ ಇರೋದು ಒಂದೇ ಜೊತೆ.”

ಅವನು ಜೇಬಿನಿಂದ ಇಸ್ತ್ರಿ ಮಾಡಿದ ಬಿಳೀ ಕರವಸ್ತ್ರ ತೆಗೆದು, ಒಂದು ಮೂಲೆಗೆ ಉಗುಳು ಹಚ್ಚಿ, ಕೊಕ್ಕನ್ನು ಒರೆಸಿದ. ಸಿಟ್ಟಿನಿಂದಲ್ಲ. ದುರ್ಬೀನಿನ ಗಾಜು ಒರೆಸುವಷ್ಟೇ ಜೋಪಾನವಾಗಿ, ಗೀರಿನೊಳಗೆ ಉಗುರು ಹಾಕಿ, ತುದಿಯವರೆಗೆ ಒರೆಸಿದ. ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡ.

“ನಡಿ. ಬೆಳಕಿರೋವಾಗ್ಲೇ ಹುಲ್ಲುಗಾವಲು ಮುಗಿಸ್ಬೇಕು,” ಎಂದ.

ಲವೋನ್ ಮುಂದಿನ ಸೀಟಿನಲ್ಲಿ ಕೂತಳು. ಕಲ್ಲುರಸ್ತೆಯ ಎರಡೂ ಕಡೆ ಹುಲ್ಲು ಗಾಳಿಗೆ ಮಲಗಿ ಮಲಗಿ ಏಳುತ್ತಿತ್ತು. ಬೇಲಿಗೂಟಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದವು. ಗೇಲೆನ್ ತನ್ನ ಬದಿಯ ಬಯಲನ್ನು ಜಾಲಾಡುತ್ತಾ ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ.

“ಒಂದಾದ್ರೂ ಇರ್ಬೇಕು,” ಎಂದ. “ನಿನ್ನ ಕಡೆ ಏನಾದ್ರೂ ಕಾಣ್ತಾ?”

ಲವೋನಳ ಕಿಟಕಿಯಾಚೆ, ಕಲ್ಲೆಸೆತದಷ್ಟು ದೂರದ ಗೂಟವೊಂದರ ಮೇಲೆ ಬಯಲು ಪ್ಲವರ್ ಆಗತಾನೇ ಬಂದಿಳಿಯಿತು. ಎರಡೂ ರೆಕ್ಕೆಗಳನ್ನು ನೆಟ್ಟಗೆ ಮೇಲಕ್ಕೆತ್ತಿ, ಒಂದು ಗಳಿಗೆ ಹಾಗೇ ಹಿಡಿದು, ಮಡಿಸಿಕೊಂಡಿತು. ಲವೋನ್ ಉಗುರಿನ ಸಂದಿಯೆಲ್ಲ ಕರೀ ಮಣ್ಣು ತುಂಬಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಾರು ಆ ಗೂಟವನ್ನು ದಾಟಿ ಹೋಗುವವರೆಗೂ ಮುಂದಿನ ರಸ್ತೆಯನ್ನೇ ನೋಡುತ್ತಾ ಕೂತಳು.